ಪಾಯ ತೋಡುವ ಮುಂಚಿನ ಹತ್ತು ತಿಂಗಳು: ಎರೆಭೂಮಿಯ ಮೇಲಿನ ಒಂದು ಮನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

2022ರ ಜನವರಿಯಲ್ಲಿ, ಹುಬ್ಬಳ್ಳಿಯ ಪೂರ್ವದ ಅಂಚಿನ ಬಡಾವಣೆಯೊಂದರಲ್ಲಿ ನಿವೇಶನ ಹೊಂದಿದ್ದ ಕುಟುಂಬವೊಂದು ಮನೆಯ ನಕ್ಷೆಯನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಬಳಿಗೆ ಬಂದಿತು. ನಾನು ಕಟ್ಟಡಗಳ ತಳಪಾಯ, ಕಾಲಂ, ಸ್ಲ್ಯಾಬುಗಳ ಬಲದ ಲೆಕ್ಕ ಹಾಕುವ ಇಂಜಿನಿಯರ್. ನಕ್ಷೆಗೆ ತಕ್ಕ ಕಬ್ಬಿಣದ ಲೆಕ್ಕವನ್ನು ಮೂರು ವಾರದಲ್ಲಿ ಕೊಡಬೇಕು, ಮೇ 3ರ ಅಕ್ಷಯ ತೃತೀಯದಂದು ಗುದ್ದಲಿ ಪೂಜೆ ಮಾಡಿ ಮರುದಿನವೇ ಪಾಯ ತೋಡಬೇಕು, ಮುಂದಿನ ವರ್ಷದ ಯುಗಾದಿಗೆ ಹೊಸ ಮನೆಯಲ್ಲಿ ಇರಬೇಕು ಎಂಬುದು ಅವರ ಅಪೇಕ್ಷೆಯಾಗಿತ್ತು. ಪಾಯದ ಕೆಲಸ ನಿಜವಾಗಿ ಆರಂಭವಾದದ್ದು ಆ ವರ್ಷದ ನವೆಂಬರ್ ಕೊನೆಯ ವಾರದಲ್ಲಿ. ನಡುವಿನ ಹತ್ತು ತಿಂಗಳನ್ನು ಕುಟುಂಬದವರು ಬಹುಕಾಲ ನಷ್ಟವೆಂದೇ ಎಣಿಸಿದರು. ಆ ಅವಧಿಯಲ್ಲಿ ನಡೆದದ್ದನ್ನು ದಾಖಲಿಸುವುದಕ್ಕಾಗಿಯೇ ಈ ಬರಹ. ಗುರುತು ಸಿಗಬಾರದೆಂದು ಬಡಾವಣೆಯ ಹೆಸರನ್ನು ಬಿಟ್ಟು ಕೆಲವು ಕೌಟುಂಬಿಕ ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನೂ ಹಣದ ಲೆಕ್ಕವನ್ನೂ ತೀರ್ಮಾನಗಳು ಬಂದ ಕ್ರಮವನ್ನೂ ಹಾಗೆಯೇ ಉಳಿಸಿಕೊಂಡಿದ್ದೇನೆ.

ನಿವೇಶನವನ್ನು ಕೊಂಡಿದ್ದ ತಂದೆ ತೀರಿಕೊಂಡಿದ್ದರು. ಎಪ್ಪತ್ತೆರಡು ವರ್ಷದ ತಾಯಿಗೆ ಎರಡೂ ಮೊಣಕಾಲುಗಳಲ್ಲಿ ಸವಕಳಿ ಇದ್ದು ಅವರು ಕೋಲು ಹಿಡಿದು ನಡೆಯುತ್ತಿದ್ದರು. ಹಿರಿಯ ಮಗ ಸಹಕಾರಿ ಸಂಸ್ಥೆಯೊಂದರ ನೌಕರ, ಸೊಸೆ ಪ್ರೌಢಶಾಲೆಯ ಶಿಕ್ಷಕಿ, ಅವರಿಗೆ ಇಬ್ಬರು ಮಕ್ಕಳು. ಕಿರಿಯ ಮಗ ಪುಣೆಯಲ್ಲಿದ್ದರು, ಮಗಳನ್ನು ಬೆಳಗಾವಿಗೆ ಕೊಟ್ಟಿದ್ದರು. ಪೂರ್ವಕ್ಕೆ ರಸ್ತೆಯಿದ್ದ, 40 ಅಡಿ ಅಗಲ 60 ಅಡಿ ಉದ್ದದ ನಿವೇಶನದಲ್ಲಿ ಎರಡು ಮಹಡಿ ಸೇರಿ 2,600 ಚದರಡಿಯ ಮನೆಯನ್ನು ಅವರ ನಕ್ಷೆ ತೋರಿಸುತ್ತಿತ್ತು. ಪರಿಚಿತರೊಬ್ಬರು ತಮ್ಮ ಮನೆಗೆ ಮಾಡಿಸಿದ್ದ ನಕ್ಷೆಯನ್ನೇ ಅಲ್ಪಸ್ವಲ್ಪ ತಿದ್ದಿಸಿ ತಂದಿದ್ದರು. ಚೆಂದವಾಗಿಯೇ ಇದ್ದ ಆ ನಕ್ಷೆ ಬೇರೆ ನೆಲದ, ಬೇರೆ ಜನರ ಮನೆಯದಾಗಿತ್ತು.

ನೆಲದ ಪ್ರಶ್ನೆ

ಮೊದಲ ಸಲ ನಿವೇಶನಕ್ಕೆ ಹೋದಾಗ ನೆಲವೆಲ್ಲ ಕೆಂಪಗೆ ಗಟ್ಟಿಯಾಗಿ ಕಾಣುತ್ತಿತ್ತು. ಜೊತೆಗೆ ಬಂದಿದ್ದ ಗೌಂಡಿ ಹಾರೆಯಿಂದ ಎರಡು ಪೆಟ್ಟು ಹಾಕಿ, "ಬರೇ ಗರಸ ಐತ್ರಿ ಸಾಹೇಬ್ರ, ಐದ ಫೂಟಿನ ಮ್ಯಾಲೆ ಪಾಯ ಬ್ಯಾಡ್ರಿ" ಎಂದರು. ಅವರ ಅನುಭವವನ್ನು ಅಲ್ಲಗಳೆಯುವ ಮನಸ್ಸು ನನಗಿರಲಿಲ್ಲ. ಆದರೆ ಧಾರವಾಡದ ಕಡೆಯ ಕೆಂಪು ನೆಲ ಪೂರ್ವಕ್ಕೆ ಬಂದಂತೆಲ್ಲ ಎರೆಯಾಗುತ್ತ ಹೋಗುತ್ತದೆ, ಹುಬ್ಬಳ್ಳಿಯ ಪೂರ್ವದ ಅಂಚು ಎರೆಯ ಸೀಮೆ. ಬಡಾವಣೆ ಮಾಡುವವರು ರಸ್ತೆ, ನಿವೇಶನಗಳನ್ನು ಸಮಗೊಳಿಸಲು ಹೊರಗಿನಿಂದ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ತಂದು ಹಾಸುವುದು ಇಲ್ಲಿ ಸಾಮಾನ್ಯ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ಎಚ್ಚರಿಸಿದ್ದು ಎರಡು ನಿವೇಶನಗಳ ಆಚೆಗಿದ್ದ, ಆರು ವರ್ಷವಷ್ಟೇ ಹಳೆಯದಾದ ಮನೆ. ಅದರ ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕುಗಳು ಹೊರಟಿದ್ದವು. ಆ ಮನೆಯ ಹಿರಿಯರನ್ನು ಕೇಳಿದಾಗ, ಬೇಸಿಗೆಯಲ್ಲಿ ಅವು ಬೆರಳು ತೂರುವಷ್ಟು ತೆರೆದುಕೊಳ್ಳುತ್ತವೆ, ಮಳೆ ಹಿಡಿದ ಮೇಲೆ ತಾವಾಗಿಯೇ ಕೂಡಿಕೊಳ್ಳುತ್ತವೆ ಎಂದರು. ಋತುಮಾನಕ್ಕೆ ತಕ್ಕಂತೆ ಹೀಗೆ ಬಾಯಿ ಬಿಟ್ಟು ಮುಚ್ಚುವ ಬಿರುಕಿಗೆ ಗೌಂಡಿಯ ಕೈಕೆಲಸವನ್ನು ದೂರುವುದು ಸರಿಯಲ್ಲ. ಅಲ್ಲಿ ಕೆಳಗಿನ ಮಣ್ಣೇ ಉಬ್ಬಿ ಕುಗ್ಗುತ್ತಿರುತ್ತದೆ.

ಮೂರು ಕಡೆ ಹತ್ತು ಅಡಿ ಆಳದ ಪರೀಕ್ಷಾ ಗುಂಡಿ ತೋಡಿಸಿ ಮಣ್ಣನ್ನು ಪ್ರಯೋಗಾಲಯಕ್ಕೆ ಕಳಿಸೋಣ ಎಂದಾಗ ಹಿರಿಯ ಮಗ ಒಪ್ಪಲಿಲ್ಲ. ಮನೆ ಕಟ್ಟುವ ಮುನ್ನವೇ ಗುಂಡಿಗೆ ಹಣ ಸುರಿಯುವುದೇಕೆ ಎಂಬ ಅವರ ಪ್ರಶ್ನೆ ಸಹಜವಾದುದು. ಇಂಥ ಖರ್ಚು ಯಾವ ಗೋಡೆಯಲ್ಲೂ ಕಣ್ಣಿಗೆ ಬೀಳುವುದಿಲ್ಲ. ಕೊನೆಗೆ ಒಂದು ಗುಂಡಿಗೆ ಮಾತ್ರ ಒಪ್ಪಿದರು. ಎರಡು ಅಡಿ ಗರಸು ಮುಗಿಯುತ್ತಿದ್ದಂತೆ ಅಪ್ಪಟ ಕಪ್ಪು ಎರೆ ಕಾಣಿಸಿಕೊಂಡಿತು. ಉಳಿದೆರಡು ಗುಂಡಿಗಳನ್ನು ತೋಡಿಸಲು ಅವರೇ ಹೇಳಿದರು. ಈಶಾನ್ಯದ ಗುಂಡಿಯಲ್ಲಿ ಒಂಬತ್ತು ಅಡಿಗೆ ಗಟ್ಟಿ ಗರಸು ಸಿಕ್ಕಿತು. ನೈಋತ್ಯದಲ್ಲಿ ಹತ್ತು ಅಡಿಗೆ ಇಳಿದರೂ ಎರೆ ಮುಗಿದಿರಲಿಲ್ಲ.

ಈ ಪ್ರಕರಣದ ಮೊದಲ ತಿರುವು ಪ್ರಯೋಗಾಲಯದ ವರದಿಯಿಂದ ಬರಲಿಲ್ಲ, ಎರಡು ಗಾಜಿನ ಕೊಳವೆಗಳಿಂದ ಬಂದಿತು. ಮಣ್ಣಿನ ಉಬ್ಬುವ ಗುಣವನ್ನು ತಿಳಿಯಲು ಭಾರತೀಯ ಮಾನಕ 2720ರ 40ನೆಯ ಭಾಗದಲ್ಲಿ ಬಹಳ ಸರಳವಾದ ಪರೀಕ್ಷೆಯೊಂದಿದೆ. ಒಣಗಿಸಿ 425 ಮೈಕ್ರಾನಿನ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, 100 ಮಿಲಿಲೀಟರಿನ ಎರಡು ಅಳತೆ ಕೊಳವೆಗಳಿಗೆ ಹಾಕಿ, ಒಂದಕ್ಕೆ ಶುದ್ಧ ನೀರನ್ನೂ ಇನ್ನೊಂದಕ್ಕೆ ಸೀಮೆಎಣ್ಣೆಯನ್ನೂ ತುಂಬಿ ಒಂದು ದಿನ ಬಿಡಬೇಕು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜ ನೀರನ್ನು ತನ್ನ ಪದರಗಳ ನಡುವೆ ಎಳೆದುಕೊಂಡು ಹಿಗ್ಗುತ್ತದೆ, ಸೀಮೆಎಣ್ಣೆಯಲ್ಲಿ ಹಿಗ್ಗುವುದಿಲ್ಲ. ನಮ್ಮ ಮಣ್ಣು ಸೀಮೆಎಣ್ಣೆಯಲ್ಲಿ 10 ಮಿಲಿಲೀಟರಿಗೆ ನಿಂತಿತ್ತು, ನೀರಿನಲ್ಲಿ 17ಕ್ಕೆ ಏರಿತ್ತು. ಶೇಕಡಾ 70ರಷ್ಟು ಉಬ್ಬು. ವರದಿಯ ಪುಟಗಳನ್ನು ವಿವರಿಸುವ ಬದಲು ಇಡೀ ಕುಟುಂಬವನ್ನು ಕರೆದು ಆ ಎರಡು ಕೊಳವೆಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದೆ. ಕೃಷಿ ಮನೆತನದಿಂದ ಬಂದ ತಾಯಿ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ಬಾಲ್ಯದಿಂದಲೂ ಕಂಡವರು. "ಹೊಲದಾಗಿನ ಬಿರುಕು ಗ್ವಾಡಿಗೆ ಬರೂದು ಅಂದ್ರ ಇದ ಏನಪಾ" ಎಂದರು. ಆನಂತರ ಆ ಮನೆಯಲ್ಲಿ ಮಣ್ಣಿನ ಬಗ್ಗೆ ವಾದ ನಡೆಯಲಿಲ್ಲ.

ಉಳಿದದ್ದು ದಾರಿಯ ಆಯ್ಕೆ. ಆರು ಅಡಿ ತೋಡಿ ಗರಸು ತುಂಬಿ ಮೇಲೆ ಕಲ್ಲಿನ ಪಾಯ ಕಟ್ಟುವುದು ಗೌಂಡಿಯ ಸಲಹೆಯಾಗಿತ್ತು. ಅದರ ಕೆಳಗೆ ಮೂರು ನಾಲ್ಕು ಅಡಿ ಎರೆ ಉಳಿದೇ ಇರುತ್ತಿತ್ತು. ಎಲ್ಲ ಕಾಲಂಗಳನ್ನೂ ಗಟ್ಟಿ ಗರಸಿನವರೆಗೆ ಇಳಿಸೋಣವೆಂದರೆ ಒಂದು ಮೂಲೆಯಲ್ಲಿ ಅದು ಎಷ್ಟು ಆಳದಲ್ಲಿದೆಯೆಂಬುದು ಗೊತ್ತಿರಲಿಲ್ಲ. ಅಷ್ಟು ಆಳದ ತೆರೆದ ಗುಂಡಿಗಳನ್ನು ಎರೆಯಲ್ಲಿ ಕುಸಿಯದಂತೆ ಕಾಯುವುದೂ ಕಷ್ಟ. ನಾವು ಆರಿಸಿದ್ದು ನೆಲದೊಳಕ್ಕೆ ಇಳಿಸುವ, ತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟಿನ ಕಂಬ, ಅಂದರೆ ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಭೂಮಿಗೆಂದೇ ಬೆಳೆಸಿದ ವಿಧಾನವಿದು. ಋತುಮಾನದ ತೇವ ಏರಿಳಿಯುವ ಪದರವನ್ನು ದಾಟುವಂತೆ, ಸುಮಾರು ಮೂರೂವರೆ ಮೀಟರ್ ಆಳಕ್ಕೆ ಭೈರಿಗೆಯಿಂದ ಕೊರೆದು, ಕೆಳಗೆ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡಿ ಕಾಂಕ್ರೀಟು ತುಂಬಲಾಗುತ್ತದೆ. ಮೇಲಿನ ಮಣ್ಣು ಉಬ್ಬಿ ಕಾಂಡವನ್ನು ಮೇಲಕ್ಕೆ ಎಳೆದರೂ ಗಡ್ಡೆ ಹಿಡಿದಿಡುತ್ತದೆ. ಪೈಲುಗಳ ತಲೆಗಳನ್ನು ಜೋಡಿಸುವ ತೊಲೆಯನ್ನು ಮಣ್ಣಿನ ಮೇಲೆ ಕೂರಿಸದೆ ಕೆಳಗೆ ಸುಮಾರು ಮೂರು ಇಂಚು ಖಾಲಿ ಜಾಗ ಬಿಟ್ಟರೆ, ಮಣ್ಣು ಉಬ್ಬಿದರೂ ತೊಲೆಗೆ ತಾಗುವುದಿಲ್ಲ.

ಈ ಒಂದು ತೀರ್ಮಾನ ನಕ್ಷೆಯ ಬೇರೆ ಹತ್ತು ಸಂಗತಿಗಳನ್ನು ಅಲುಗಿಸಿತು. ಪಶ್ಚಿಮದ ಬಿಸಿಲಿಗೆ ನೆರಳಾಗಲೆಂದು ಹಿತ್ತಲಲ್ಲಿ ಬೇವಿನ ಮರ ಬೆಳೆಸುವ ಆಸೆ ಸೊಸೆಯದು. ಗೋಡೆಯ ಪಕ್ಕದ ಮರ ಎರೆಯ ತೇವವನ್ನು ಹೀರಿ ಆ ಬದಿಯ ಮಣ್ಣನ್ನು ಕುಗ್ಗಿಸುತ್ತದೆ ಎಂದು ಹೇಳಬೇಕಾಯಿತು. ಚಾವಣಿಯ ಮಳೆನೀರನ್ನು ಹಿತ್ತಲಿನ ಇಂಗುಗುಂಡಿಗೆ ಬಿಡುವ ಯೋಜನೆಯನ್ನೂ ಕೈಬಿಟ್ಟೆವು, ಏಕೆಂದರೆ ಅದು ಮನೆಯ ಬುಡದ ಎರೆಗೆ ನೀರುಣಿಸಿದಂತೆ. ನೀರನ್ನು ಇಂಗಿಸುವ ಬದಲು ಶೋಧಿಸಿ ಸಂಪಿಗೆ ತರುವುದೆಂದಾಯಿತು. 93 ಚದರ ಮೀಟರ್ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,860 ಲೀಟರ್ ನೀರು. ನಲ್ಲಿ ನೀರು ವಾರಕ್ಕೊಮ್ಮೆ, ಕೆಲವೊಮ್ಮೆ ಹತ್ತು ದಿನಕ್ಕೊಮ್ಮೆ ಬರುವ ಬಡಾವಣೆಯಲ್ಲಿ ಅದು ಸಣ್ಣ ಪ್ರಮಾಣವಲ್ಲ. ಒಬ್ಬರಿಗೆ ದಿನಕ್ಕೆ 135 ಲೀಟರಿನಂತೆ ಐದು ಜನರಿಗೆ ಹತ್ತು ದಿನಕ್ಕೆ 6,750 ಲೀಟರ್ ಬೇಕು. ಹಳೆಯ ನಕ್ಷೆಯಲ್ಲಿ 4,000 ಲೀಟರಿನದಾಗಿದ್ದ ಸಂಪು 8,000 ಲೀಟರಿಗೆ ಏರಿತು, ಮನೆಯ ತಳಪಾಯದಿಂದ ಪ್ರತ್ಯೇಕವಾದ ಕಾಂಕ್ರೀಟಿನ ಪೆಟ್ಟಿಗೆಯಾಯಿತು.

ಕಾಗದ, ಟೇಪು ಮತ್ತು ಒಂದು ಅಡಿ

ಮಣ್ಣಿನ ಕೆಲಸ ನಡೆಯುತ್ತಿದ್ದಾಗಲೇ ನಿವೇಶನದ ಅಳತೆಯನ್ನೂ ಪರಿಶೀಲಿಸಿದೆವು. 40–60ರ ನಿವೇಶನದ ನಾಲ್ಕೂ ಮೂಲೆ ಲಂಬಕೋನವಾಗಿದ್ದರೆ ಎರಡೂ ಕರ್ಣಗಳು 72 ಅಡಿ 1 ಇಂಚಿಗಿಂತ ತುಸು ಹೆಚ್ಚಿರಬೇಕು. ಒಂದು ಕರ್ಣ ಸರಿಯಾಗಿತ್ತು, ಇನ್ನೊಂದು 71 ಅಡಿ 7 ಇಂಚಿಗೇ ಮುಗಿಯಿತು. ಹಿಂಬದಿಯ ಅಗಲ ಕಾಗದದಲ್ಲಿ 40, ನೆಲದಲ್ಲಿ 39. ಹಿಂಬದಿಯ ನಿವೇಶನದವರು ವರ್ಷಗಳ ಹಿಂದೆ ಕಟ್ಟಿಕೊಂಡ ಕಾಂಪೌಂಡು ಮೂಲೆಯಲ್ಲಿ ವಾಲಿತ್ತೋ, ಮೂಲ ಗುರುತುಗಲ್ಲುಗಳೇ ತಪ್ಪಿದ್ದವೋ ಎಂಬುದನ್ನು ಭೂಮಾಪಕರಿಂದ ಅಳೆಸಿ ತಿಳಿಯಲು ಆರು ವಾರ ಹಿಡಿಯಿತು. ಗುರುತುಗಲ್ಲು ಸರಿದಿತ್ತು. ನೆರೆಯವರೊಡನೆ ಜಗಳಕ್ಕೆ ನಿಲ್ಲುವ ಬದಲು, ಇರುವ 39 ಅಡಿಯನ್ನೇ ಲೆಕ್ಕಕ್ಕೆ ಹಿಡಿದು ಹಿಂದಿನ ಕಾಲಂ ಸಾಲನ್ನು ಒಳಕ್ಕೆ ತರುವುದೆಂದು ಕುಟುಂಬ ನಿರ್ಧರಿಸಿತು. ಪರವಾನಗಿಗೆ ಕೊಡುವ ನಕ್ಷೆಯಲ್ಲೇ ಇದು ಸೇರಿದ್ದರಿಂದ, ಬದಿಯಲ್ಲಿ ನಿಯಮದಂತೆ ಬಿಡಬೇಕಾದ ಜಾಗ ಹಿಂಬದಿಯಲ್ಲಿ ಕಡಿಮೆಯಾಗುವ ತೊಂದರೆ ತಪ್ಪಿತು.

ಎರಡನೆಯ ಅಡಚಣೆ ಬ್ಯಾಂಕಿನ ವಕೀಲರಿಂದ ಬಂದಿತು. ನಿವೇಶನ ತಂದೆಯ ಸ್ವಂತ ಗಳಿಕೆಯದು, ಅವರು ಮರಣಶಾಸನ ಬರೆದಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಮಗಳಿಗೆ ಅದರಲ್ಲಿ ಸಮಪಾಲಿತ್ತು. ಆಸ್ತಿಯ ದಾಖಲೆಯಾದ ಉತಾರದಲ್ಲಿ ತಾಯಿಯೊಬ್ಬರ ಹೆಸರು ಏರಿದ್ದರಿಂದ ಉಳಿದವರ ಹಕ್ಕು ಇಲ್ಲವಾಗುವುದಿಲ್ಲ. ಮಗಳು ಸಂತೋಷದಿಂದಲೇ ಹಕ್ಕುಬಿಡುಗಡೆ ಪತ್ರ ನೋಂದಾಯಿಸಿಕೊಟ್ಟರು. ಆ ದಿನ ಅವರು ಆಡಿದ ಮಾತು ಮಾತ್ರ ನಕ್ಷೆಯೊಳಕ್ಕೆ ಬಂದಿತು: ಪಂಚಮಿಗೆ ತವರಿಗೆ ಬಂದಾಗ ತಾನೂ ತನ್ನ ಮಕ್ಕಳೂ ಪಡಸಾಲೆಯಲ್ಲಿ ಹಾಸಿಕೊಳ್ಳದೆ ಒಂದು ಕೋಣೆಯಲ್ಲಿ ಮಲಗುವಂತಿರಲಿ ಎಂದರು. ಅಲ್ಲಿಯವರೆಗೆ ಯಾರೂ ಅವರನ್ನು ಈ ಮನೆಯ ಬಗ್ಗೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಹಣದ ಲೆಕ್ಕ

ಕುಟುಂಬದ ಬಳಿ ಉಳಿತಾಯ 22 ಲಕ್ಷ, ಪುಣೆಯ ಮಗನಿಂದ 8 ಲಕ್ಷ, ಸಾಲ 30 ಲಕ್ಷ, ಒಟ್ಟು 60 ಲಕ್ಷ ರೂಪಾಯಿ ಇತ್ತು. ಶೇಕಡಾ 8.75ರ ಬಡ್ಡಿಗೆ 20 ವರ್ಷದ ಅವಧಿಗೆ 30 ಲಕ್ಷದ ಕಂತು ತಿಂಗಳಿಗೆ ಸುಮಾರು 26,500 ರೂಪಾಯಿ; ಅದಕ್ಕಿಂತ ಹೆಚ್ಚು ಹೊರುವುದು ಬೇಡವೆಂದು ಗಂಡ ಹೆಂಡತಿ ಮೊದಲೇ ನಿಶ್ಚಯಿಸಿದ್ದರು. ಗುತ್ತಿಗೆದಾರರೊಬ್ಬರು ಚದರಡಿಗೆ 1,850 ರೂಪಾಯಿ ಹೇಳಿದ್ದರು. 2,600 ಚದರಡಿಗೆ 48 ಲಕ್ಷ ಚಿಲ್ಲರೆ. ಹಾಗಾಗಿ ಕೈಯಲ್ಲಿ 12 ಲಕ್ಷ ಉಳಿಯುತ್ತದೆ ಎಂಬ ನೆಮ್ಮದಿಯಲ್ಲಿ ಅವರಿದ್ದರು.

ಆ 1,850ರಲ್ಲಿ ಏನೇನು ಸೇರಿಲ್ಲ ಎಂಬುದನ್ನು ಸೊಸೆಯವರೇ ನೋಟುಪುಸ್ತಕದಲ್ಲಿ ಪಟ್ಟಿ ಮಾಡಿದರು. ಐದು ಅಡಿಗಿಂತ ಆಳದ ತಳಪಾಯ ಸೇರಿರಲಿಲ್ಲ. ಸಂಪು, ಕಾಂಪೌಂಡು ಮತ್ತು ಗೇಟು, ಕೊಳವೆಬಾವಿ, ಪರವಾನಗಿ ಶುಲ್ಕ, ವಿದ್ಯುತ್ ಹಾಗೂ ನೀರಿನ ಸಂಪರ್ಕ, ಅಡುಗೆಮನೆಯ ಕಪಾಟುಗಳು, ವಾರ್ಡ್‌ರೋಬುಗಳು, ನಮ್ಮಂಥವರ ಶುಲ್ಕ, ಕಟ್ಟುವ ಅವಧಿಯಲ್ಲಿ ಬಿಡುಗಡೆಯಾದ ಸಾಲದ ಮೇಲಿನ ಬಡ್ಡಿ, ಇವ್ಯಾವುವೂ ಸೇರಿರಲಿಲ್ಲ. ಒಂದೊಂದಕ್ಕೂ ಬೆಲೆ ಕೇಳಿ ಬರೆದಾಗ ಮೊತ್ತ 21 ಲಕ್ಷ ದಾಟಿತು. ಅನಿರೀಕ್ಷಿತ ಖರ್ಚಿಗೆಂದು 5 ಲಕ್ಷ ಸೇರಿಸಿದರೆ ಇಡೀ ಮನೆಯ ವೆಚ್ಚ 74 ಲಕ್ಷದ ಮೇಲೆ ಹೋಗುತ್ತಿತ್ತು. ಅಂದರೆ ಅವರು ಮೇ ತಿಂಗಳಲ್ಲೇ ಪಾಯ ತೋಡಿದ್ದರೆ ಎರಡನೆಯ ಸ್ಲ್ಯಾಬಿನ ಹೊತ್ತಿಗೆ ಹಣ ಮುಗಿದು, ಗಿಲಾಯಿ (ಪ್ಲಾಸ್ಟರ್) ಕಾಣದ ಗೋಡೆಗಳೊಡನೆ ಮನೆ ನಿಲ್ಲುತ್ತಿತ್ತು. ಹಾಗೆ ನಿಂತ ಮನೆಗಳನ್ನು ನಮ್ಮ ಊರಿನ ಪ್ರತಿ ಹೊಸ ಬಡಾವಣೆಯಲ್ಲೂ ಕಾಣಬಹುದು. ಅವುಗಳ ಹಿಂದಿರುವ ಸಂಕಟವನ್ನು ನಾನು ಹತ್ತಿರದಿಂದ ಬಲ್ಲೆ.

ಏನನ್ನು ಬಿಡಬೇಕು ಎಂಬ ಚರ್ಚೆ ಏಳು ವಾರ ನಡೆಯಿತು. ಪೈಲನ್ನು ಬಿಟ್ಟು ನಾಲ್ಕು ಲಕ್ಷ ಉಳಿಸೋಣ ಎಂಬ ಮಾತು ಒಮ್ಮೆ ಬಂದಿತು. ಗಾಜಿನ ಕೊಳವೆಗಳನ್ನು ನೋಡಿದ್ದ ತಾಯಿಯೇ ಅದನ್ನು ತಡೆದರು. ಬಾಡಿಗೆಗೆ ಕೊಡಲು ಯೋಚಿಸಿದ್ದ ಮೇಲ್ಮಹಡಿಯನ್ನು ಈಗ ಕಟ್ಟುವುದು ಬೇಡ ಎಂದಾಗ ಪುಣೆಯ ಮಗನಿಗೆ ಬೇಸರವಾಯಿತು, ಏಕೆಂದರೆ ತಾನು ಹಾಕುವ 8 ಲಕ್ಷಕ್ಕೆ ಆ ಬಾಡಿಗೆಯೇ ಪ್ರತಿಫಲವೆಂದು ಅವರು ಭಾವಿಸಿದ್ದರು. ಫೋನಿನಲ್ಲಿ ಬಗೆಹರಿಯದ ಮಾತು ಅವರು ಜೂನಿನಲ್ಲಿ ಊರಿಗೆ ಬಂದು ಎರಡು ದಿನ ಕೂತಾಗ ಬಗೆಹರಿಯಿತು. ತಳಪಾಯ ಮತ್ತು ಕಾಲಂಗಳನ್ನು ಎರಡು ಪೂರ್ಣ ಮಹಡಿಗಳ ಭಾರಕ್ಕೆ ಮಾಡುವುದು, ಮೇಲೆ ಸದ್ಯಕ್ಕೆ ಮೆಟ್ಟಿಲಿನ ತಲೆ ಮತ್ತು ಮಗಳು ಕೇಳಿದ ಒಂದು ಕೋಣೆಯನ್ನಷ್ಟೇ ಕಟ್ಟುವುದು, ಉಳಿದ ಮೇಲ್ಭಾಗವನ್ನು ಮುಂದೆ ಕಟ್ಟುವ ಹಕ್ಕು ಕಿರಿಯ ಮಗನದು ಎಂದು ಬರೆದು ಎಲ್ಲರೂ ಸಹಿ ಮಾಡುವುದು. ಮುಂದಿನ ಕಾಲಂಗಳಿಗೆಂದು ಬಿಡುವ ಸರಳುಗಳು ವರ್ಷಗಟ್ಟಲೆ ಮಳೆಗೆ ಒಡ್ಡಿಕೊಂಡರೆ ತುಕ್ಕು ತಿನ್ನುತ್ತವೆ. ಅವಕ್ಕೆ ಸಿಮೆಂಟಿನ ಹಾಲು ಬಳಿದು, ಮುಂದೆ ಒಡೆಯಬಹುದಾದ ದುರ್ಬಲ ಕಾಂಕ್ರೀಟಿನಿಂದ ಮುಚ್ಚುವುದೆಂದು ನಕ್ಷೆಯಲ್ಲೇ ಬರೆದೆವು. ಮನೆ 1,850 ಚದರಡಿಗೆ ಇಳಿಯಿತು, ಅಂದಾಜು ವೆಚ್ಚ ಅನಿರೀಕ್ಷಿತದ ಪಾಲು ಸೇರಿ 59 ಲಕ್ಷ 60 ಸಾವಿರಕ್ಕೆ ಬಂದಿತು.

ನೆಲದ ಮೇಲೆ ಬರೆದ ಮನೆ

ಎಲ್ಲಕ್ಕಿಂತ ಹೆಚ್ಚು ಬದಲಾವಣೆ ತಂದದ್ದು ಒಂದು ಭಾನುವಾರದ ಬೆಳಗಿನ ಕೆಲಸ. ಹೊಸ ನಕ್ಷೆಯ ಪ್ರತಿ ಗೋಡೆ, ಬಾಗಿಲು, ಅಡುಗೆ ಕಟ್ಟೆ, ಮಂಚವನ್ನೂ ನಿವೇಶನದ ಮೇಲೆ ಸುಣ್ಣದ ಪುಡಿಯಿಂದ ಪೂರ್ಣ ಅಳತೆಯಲ್ಲಿ ಬರೆಸಿದೆವು. ಕಾಗದದಲ್ಲಿ ನಕ್ಷೆ ಓದುವ ಅಭ್ಯಾಸ ಬಹಳ ಜನರಿಗೆ ಇರುವುದಿಲ್ಲ. ಅರ್ಥವಾಗಲಿಲ್ಲ ಎನ್ನಲು ಸಂಕೋಚಪಟ್ಟು ತಲೆಯಾಡಿಸುತ್ತಾರೆ, ಆ ತಲೆಯಾಡಿಸುವಿಕೆಯನ್ನು ನಾವು ಒಪ್ಪಿಗೆಯೆಂದು ತಿಳಿಯುತ್ತೇವೆ. ಇದು ನಮ್ಮ ವೃತ್ತಿಯವರು ತಿದ್ದಿಕೊಳ್ಳಲೇಬೇಕಾದ ದೋಷ.

ತಾಯಿ ತಮ್ಮ ಕೋಣೆಯಿಂದ ಬಚ್ಚಲಿಗೆ ಸುಣ್ಣದ ಗೆರೆಗಳ ನಡುವೆ ಕೋಲೂರಿಕೊಂಡು ನಡೆದರು, ಮೂರು ಅಡಿಯ ಓಣಿಯಲ್ಲಿ ಬಾಗಿಲೆಂದು ಗುರುತಿಸಿದ ಕಡೆ ನಿಂತು, "ಇಲ್ಲಿ ನಾ ತಿರುಗೂದ ಹ್ಯಾಂಗಪಾ? ಕೋಲ ಇಡಾಕ ಜಾಗಾನ ಇಲ್ಲ" ಎಂದು ಮಗನನ್ನು ಕೇಳಿದರು. ಕಾಗದದಲ್ಲಿ ಅದೇ ಓಣಿಯನ್ನು ಅವರಿಗೆ ನಾಲ್ಕು ಸಲ ತೋರಿಸಿಯಾಗಿತ್ತು. ಗಾಲಿಕುರ್ಚಿ ತಿರುಗಲು ಐದು ಅಡಿ ವ್ಯಾಸದ ಜಾಗ ಬೇಕು. ಇಂದು ಕೋಲು ಹಿಡಿದವರಿಗೆ ನಾಳೆ ಅದೂ ಬೇಕಾಗಬಹುದು. ಓಣಿಯನ್ನೇ ತೆಗೆದು ಬಚ್ಚಲಿಗೆ ಅವರ ಕೋಣೆಯಿಂದ ನೇರ ಬಾಗಿಲು ಕೊಟ್ಟೆವು, ಹೊಸ್ತಿಲು ತೆಗೆದು ಬಾಗಿಲನ್ನು ಮೂರು ಅಡಿ ತೆರವಿಗೆ ಅಗಲಿಸಿದೆವು.

ಅಡುಗೆಮನೆಯಲ್ಲಿ ಬೇರೆಯದೇ ಸಂಗತಿ ಹೊರಬಿತ್ತು. ಕಟ್ಟೆಯ ಎತ್ತರವನ್ನು ರೂಢಿಯಂತೆ 34 ಇಂಚಿಗೆ ಬರೆದಿದ್ದೆ. ಸೊಸೆ ಶಾಲೆಗೆ ಹೊರಡುವ ಮುನ್ನ ದಿನಾ ಇಪ್ಪತ್ತು ಇಪ್ಪತ್ತೈದು ಜೋಳದ ರೊಟ್ಟಿ ಆಗಬೇಕು. ರೊಟ್ಟಿ ಲಟ್ಟಿಸುವಂಥದ್ದಲ್ಲ, ಬಡಿಯುವಂಥದ್ದು. ಭುಜದ ಭಾರ ಅಂಗೈಗೆ ಇಳಿಯಬೇಕಾದರೆ ಹಲಗೆ ಮೊಣಕೈಗಿಂತ ಸಾಕಷ್ಟು ಕೆಳಗಿರಬೇಕು. ಬಾಡಿಗೆ ಮನೆಯ ಎತ್ತರದ ಕಟ್ಟೆಯಲ್ಲಿ ಬಡಿದು ಬಡಿದು ಅವರಿಗೆ ಭುಜನೋವು ಬಂದಿತ್ತು. ಮೊದಲು ನೆಲದಲ್ಲಿ ಕೂತು ರೊಟ್ಟಿ ಮಾಡುತ್ತಿದ್ದ ತಾಯಿ ಮೊಣಕಾಲಿನಿಂದಾಗಿ ಆ ಕೆಲಸವನ್ನೇ ಬಿಟ್ಟಿದ್ದರು. ಕುರ್ಚಿಯ ಮೇಲೆ ಕೂತು ಬಡಿಯುವಂತಿದ್ದರೆ ಅರ್ಧ ರೊಟ್ಟಿ ತಾನೇ ಮಾಡುತ್ತೇನೆ ಎಂದು ಅವರು ಹೇಳಿದ್ದು ಅಲ್ಲಿಯೇ, ಸುಣ್ಣದ ಗೆರೆಯ ಪಕ್ಕದಲ್ಲಿ ನಿಂತು. ಇಟ್ಟಿಗೆ ಪೇರಿಸಿ ಹಲಗೆ ಇಟ್ಟು ಕೂರಿಸಿ ನೋಡಿದೆವು. 28 ಇಂಚು ಸರಿಹೊಂದಿತು. ಮೂರು ಅಡಿ ಉದ್ದದ ತಗ್ಗು ಕಟ್ಟೆ, ಅದರ ಕೆಳಗೆ ಕಪಾಟಿಲ್ಲದೆ ಮೊಣಕಾಲು ತೂರುವ ಜಾಗ, ಎಡಗಡೆ ಒಲೆ. ಇಡೀ ಮನೆಯಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟ ಮೂರು ಅಡಿ ಅದು.

ವಾಸ್ತುವಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಕುಟುಂಬದ ಹಿರಿಯ ಬಂಧುವೊಬ್ಬರು ನಂಬಿಕೆಯಿಂದ ನೋಡುತ್ತಿದ್ದರು, ಅವರನ್ನು ನಕ್ಷೆ ಮುಗಿದ ಮೇಲೆ ಕರೆಯದೆ ಆರಂಭದಲ್ಲೇ ಕರೆದೆವು. ಅಡುಗೆ ಆಗ್ನೇಯಕ್ಕೆ, ಸಂಪು ಮತ್ತು ದೇವರ ಮನೆ ಈಶಾನ್ಯಕ್ಕೆ ಬಂದವು. ನೈಋತ್ಯದಲ್ಲಿ ಯಜಮಾನರ ಕೋಣೆ ಎಂದಾಗ ಪಶ್ಚಿಮದ ಗೋಡೆ ಏಪ್ರಿಲಿನ ಮಧ್ಯಾಹ್ನ ಕಾದು ರಾತ್ರಿಯಿಡೀ ಶಾಖ ಬಿಡುವ ತೊಂದರೆ ಎದುರಾಯಿತು, ಮರವಂತೂ ನೆಡುವಂತಿರಲಿಲ್ಲ. ಮೆಟ್ಟಿಲು ಪಶ್ಚಿಮಕ್ಕೆ ಬರಬಹುದೇ ಎಂದು ಕೇಳಿದೆ, ಬರಬಹುದು ಎಂದರು. ಮೆಟ್ಟಿಲಿನ ಗೂಡನ್ನು ಪಶ್ಚಿಮದ ಗೋಡೆಗೆ ಹೊಂದಿಸಿ, ಅದರ ಪಕ್ಕ ಉಳಿದ ಗೋಡೆಯುದ್ದಕ್ಕೂ ಕಪಾಟುಗಳನ್ನು ನಿಲ್ಲಿಸಿದ್ದರಿಂದ ಕೋಣೆಗೂ ಬಿಸಿಲಿಗೂ ನಡುವೆ ಒಂದು ತಡೆ ಸಿಕ್ಕಿತು.

ಒಪ್ಪಂದ ಮತ್ತು ಆರಂಭ

ಅಕ್ಷಯ ತೃತೀಯದ ಪೂಜೆಯನ್ನು ತಾಯಿ ಬಿಡಲು ಸಿದ್ಧರಿರಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ನಿಶ್ಚಯಿಸಿದ ದಿನವೇ ಗುದ್ದಲಿ ಪೂಜೆ ಮಾಡಿ, ಕೆಲಸವನ್ನು ಮಳೆಗಾಲದ ನಂತರಕ್ಕೆ ಇಟ್ಟುಕೊಂಡೆವು. ನೆನೆದ ಎರೆಯಲ್ಲಿ ಭೈರಿಗೆ ಕೊರೆದ ಗುಂಡಿ ನಿಲ್ಲುವುದಿಲ್ಲ, ಜಲ್ಲಿ ತುಂಬಿದ ಲಾರಿ ಒಳಗೆ ಬರುವುದಿಲ್ಲ.

ಮಳೆಗಾಲವನ್ನು ದರಪಟ್ಟಿಗಳಿಗೆ ಬಳಸಿದೆವು. ಚದರಡಿಗೆ ಎಷ್ಟು ಎಂದು ಕೇಳುವ ಬದಲು ಪ್ರತಿ ಕೆಲಸದ ಪ್ರಮಾಣ ಬರೆದ ಒಂದೇ ಪಟ್ಟಿಯನ್ನು ಮೂವರು ಗುತ್ತಿಗೆದಾರರಿಗೆ ಕೊಟ್ಟೆವು. ಚದರಡಿಯ ಲೆಕ್ಕದಲ್ಲಿ 1,650 ಎಂದು ಅತಿ ಕಡಿಮೆ ಹೇಳಿದ್ದವರು ಈ ಪಟ್ಟಿಯಲ್ಲಿ ಎರಡನೆಯವರಿಗಿಂತ 90 ಸಾವಿರ ಹೆಚ್ಚಾದರು, ಏಕೆಂದರೆ ಅವರ ಹಳೆಯ ದರದಲ್ಲಿ ಬಾಗಿಲು, ನೆಲಹಾಸು, ವೈರಿಂಗ್ ಎಲ್ಲವೂ ಅತಿ ಅಗ್ಗದ ಬಗೆಯವಾಗಿದ್ದವು. ಹಣದ ಕಂತುಗಳನ್ನು ತಿಂಗಳಿಗೆ ಹೊಂದಿಸದೆ ಕೆಲಸದ ಹಂತಕ್ಕೆ ಹೊಂದಿಸಿ ಒಪ್ಪಂದ ಬರೆದೆವು. ಬ್ಯಾಂಕೂ ಸಾಲವನ್ನು ಹಂತ ಹಂತವಾಗಿಯೇ ಬಿಡುಗಡೆ ಮಾಡುವುದರಿಂದ ಎರಡೂ ಒಂದಕ್ಕೊಂದು ಹೊಂದಿದವು. ಕೊಳವೆಬಾವಿಯನ್ನು ಅಕ್ಟೋಬರಿನಲ್ಲೇ ಕೊರೆಸಿದೆವು. ಮನೆ ಎದ್ದ ಮೇಲೆ ಕೊರೆಯುವ ಲಾರಿಗೆ ಒಳಗೆ ದಾರಿಯೇ ಇರುವುದಿಲ್ಲ, ಕಾಂಕ್ರೀಟು ನೆನೆಸಲೂ ನೀರು ಬೇಕು.

ಫಲಿತಾಂಶ

ಹದಿನೆಂಟು ಪೈಲುಗಳು ಡಿಸೆಂಬರ್ ಮುಗಿಯುವುದರೊಳಗೆ ಇಳಿದವು. ಗೃಹಪ್ರವೇಶ 2024ರ ಫೆಬ್ರುವರಿಯಲ್ಲಿ ಆಯಿತು. ಒಟ್ಟು ವೆಚ್ಚ 61 ಲಕ್ಷ 30 ಸಾವಿರ, ಅಂದಾಜಿಗಿಂತ 1 ಲಕ್ಷ 70 ಸಾವಿರ ಹೆಚ್ಚು. ಅನಿರೀಕ್ಷಿತಕ್ಕೆಂದು ಇಟ್ಟಿದ್ದ ಮೊತ್ತವೂ ಪೂರ್ತಿ ಮುಗಿದಿತ್ತು. ಅದರ ದೊಡ್ಡ ಪಾಲು ನೈಋತ್ಯದ ನಾಲ್ಕು ಪೈಲುಗಳನ್ನು ಇನ್ನೂ ಆಳಕ್ಕೆ ಇಳಿಸಲು ಹೋಗಿತ್ತು. ಕಟ್ಟುವ ಹದಿನೈದು ತಿಂಗಳಲ್ಲಿ ಯಾವ ಗೋಡೆಯನ್ನೂ ಒಡೆದು ಸರಿಸಲಿಲ್ಲ. ಗಿಲಾಯಿಗೆ ಮುನ್ನ ಪ್ರತಿ ಗೋಡೆಯೊಳಗಿನ ಪೈಪುಗಳ ಪಕ್ಕದಲ್ಲಿ ಟೇಪು ಹಿಡಿದು ತೆಗೆದ ಫೋಟೋಗಳನ್ನು ಸೊಸೆ ಸಾಲದ ಕಡತದಲ್ಲೇ ಇಟ್ಟಿದ್ದಾರೆ. ಆ ವರ್ಷದ ಪಂಚಮಿಗೆ ಬೆಳಗಾವಿಯ ಮಗಳು ಮಕ್ಕಳೊಡನೆ ಬಂದು ಮೇಲಿನ ಕೋಣೆಯಲ್ಲಿ ಐದು ದಿನ ಇದ್ದು ಹೋದರು.

ನಮ್ಮ ಯೋಜನೆಯಿಂದ ಒಂದು ಸಂಗತಿ ತಪ್ಪಿಹೋಗಿತ್ತು. ಬಟ್ಟೆ ಒಗೆಯುವ ಯಂತ್ರವನ್ನು ಎಲ್ಲಿ ಇಡುವುದೆಂದು ನಾವು ಎಲ್ಲೂ ಬರೆದಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಕೊನೆಗೆ ಅದು ಹಿಂಬದಿಯ ಬಾಗಿಲ ಪಕ್ಕ, ಹೊರಗಿನ ಸಜ್ಜಾದ ಕೆಳಗೆ ಬಂದು ನಿಂತಿತು, ಅದರ ನೀರಿನ ಕೊಳವೆಯನ್ನು ಹಿತ್ತಲಿಗೆ ಹರಿಯಬಿಟ್ಟರು. ಮನೆಯ ಸುತ್ತ ನೀರು ಬುಡಕ್ಕೆ ಇಳಿಯದಂತೆ ಮೂರು ಅಡಿ ಅಗಲಕ್ಕೆ ಹಾಸಿದ್ದ ಕಾಂಕ್ರೀಟು ಅಲ್ಲಿ ಎಂಟು ತಿಂಗಳಲ್ಲಿ ಮುಕ್ಕಾಲು ಇಂಚು ಮೇಲೆದ್ದು ಬಿರಿಯಿತು. ದೀಪಾವಳಿಯ ಹೊತ್ತಿಗೆ ಅವರು ಕರೆದಾಗ ಹೋಗಿ ತೊಲೆಯ ಕೆಳಗೆ ಟಾರ್ಚು ಬಿಟ್ಟು ನೋಡಿದೆ. ಉಬ್ಬಿದ ಎರೆ ನಾವು ಬಿಟ್ಟ ಖಾಲಿ ಜಾಗದ ಅರ್ಧದವರೆಗೆ ಬಂದು ನಿಂತಿತ್ತು, ತೊಲೆಯನ್ನು ತಾಗಿರಲಿಲ್ಲ. ಮೇಲಿನ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿರಲಿಲ್ಲ. ಯಂತ್ರದ ಕೊಳವೆಯನ್ನು ಬಚ್ಚಲಿನ ಒಳಚರಂಡಿಗೆ ಜೋಡಿಸಿಸಿದೆವು. ಮರುವರ್ಷದ ಏಪ್ರಿಲಿನಲ್ಲಿ ಹೋದಾಗ ಮೇಲೆದ್ದ ಕಾಂಕ್ರೀಟು ಬಹುಪಾಲು ತನ್ನ ಮಟ್ಟಕ್ಕೆ ಇಳಿದಿತ್ತು, ಅದರ ಬಿರುಕು ಮಾತ್ರ ಹಾಗೆಯೇ ಇತ್ತು. ಅದನ್ನು ಮುಚ್ಚಿಸಲು ಹಿರಿಯ ಮಗ ಆಳು ಕರೆಸಿದ್ದರು. ಇನ್ನೊಂದು ಮಳೆಗಾಲ ಅದು ತೆರೆಯುವುದೋ ಕೂಡುವುದೋ ನೋಡೋಣ, ಅಲ್ಲಿಯವರೆಗೆ ಇರಲಿ ಎಂದು ಹೇಳಿ ಅದರ ಎರಡು ದಡಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ ಬಂದಿದ್ದೇನೆ.